ಮಾಸ್ಟ್ರೋ ಸ್ಟ್ಯಾಂಡ್ ಕೊಳ್ಳುತ್ತಾರೆ

ಇಂಗ್ಲೆಂಡಿನ ಯಾವ ಪೇಟೆಗೆ ಹೋದರೂ ಇವರೊಬ್ಬರು ಸಿಕ್ಕೇ ಸಿಗುತ್ತಾರೆ. ಹಗಲು ಶಾಲೆಯಲ್ಲಿ ಸಂಗೀತದ ಮೇಷ್ಟ್ರು; ವಾರಕ್ಕೊಂದು ಸಂಜೆ, ಚರ್ಚಿನ ಪಕ್ಕದ ಹಾಲಿನಲ್ಲಿ, ಊರಿನ ಹವ್ಯಾಸಿ ಆರ್ಕೆಸ್ಟ್ರಾದ ಮಾಸ್ಟ್ರೋ. ಎದುರಿಗೆ ಕ್ಲಾರಿನೆಟ್ ಹಿಡಿದ ಹಲ್ಲಿನ ಡಾಕ್ಟರು, ಟ್ರಂಬೋನ್ ಹೊತ್ತ ಅಂಚೆಯವನು, ವಿಯೋಲಾ ನುಡಿಸುವ ನಿವೃತ್ತ ನರ್ಸಮ್ಮ. ನುಡಿಸಿದ್ದಕ್ಕೆ ಇಲ್ಲಿ ಸಂಬಳವಿಲ್ಲ, ನುಡಿಸುವವರೇ ಚಂದಾ ತೆರಬೇಕು. ಹಾಗಾಗಿ ಮಾಸ್ಟ್ರೋ ಯಾರನ್ನೂ ಗದರುವಂತಿಲ್ಲ. ಗದರಿದರೆ ಮುಂದಿನ ವಾರ ಓಬೋ ಬರುವುದಿಲ್ಲ. ಇಡೀ ಆರ್ಕೆಸ್ಟ್ರಾ ಶ್ರುತಿ ಹಿಡಿಯುವುದು ಓಬೋ ಸ್ವರಕ್ಕೆ, ಊರಿಗೆ ಇರುವುದೋ ಒಂದೇ ಓಬೋ.

ಇಂಥ ಮಾಸ್ಟ್ರೋಗೆ ಈಗ ಸ್ವರಲಿಪಿ ಇಡಲು ಹೊಸ ಸ್ಟ್ಯಾಂಡ್ ಬೇಕಾಗಿದೆ.

ಇದು ಸಣ್ಣ ವಿಷಯವೆಂದು ತಿಳಿಯಬಾರದು. ಪಿಟೀಲಿನವನು ತನ್ನ ಪಿಟೀಲಿನ ಬಗ್ಗೆ, ಕೊಳಲಿನವಳು ತನ್ನ ಕೊಳಲಿನ ಬಗ್ಗೆ ಗಂಟೆಗಟ್ಟಲೆ ಕೊರೆಯಬಲ್ಲರು. ಅಷ್ಟು ಜನರ ನಡುವೆ ಒಂದೇ ಒಂದು ಸ್ವರವನ್ನೂ ಹೊರಡಿಸದೆ ಚಪ್ಪಾಳೆಯನ್ನು ಮಾತ್ರ ಮೊದಲು ಸ್ವೀಕರಿಸುವ ಮಾಸ್ಟ್ರೋಗೆ ಕೊರೆಯಲು ಏನಿದೆ? ಕೈಯಲ್ಲೊಂದು ಕಡ್ಡಿ, ಮುಂದೊಂದು ಸ್ಟ್ಯಾಂಡ್. ಕಡ್ಡಿಯ ಬಗ್ಗೆ ಎಷ್ಟೆಂದು ಮಾತಾಡುವುದು?

ಹಳೆಯ ಸ್ಟ್ಯಾಂಡ್ ಮಡಚುವ ಜಾತಿಯದು. ಎತ್ತರ ಹಿಡಿದು ನಿಲ್ಲಿಸುವ ತಿರುಪು ಸವೆದುಹೋಗಿದೆ. ಎಲ್ಲ ವಾದ್ಯಗಳ ಸ್ವರಲಿಪಿ ಇರುವ ದಪ್ಪ ಸ್ಕೋರ್ ಹೇರಿ ವಿಳಂಬ ಗತಿಯ ಭಾಗ ಶುರುಮಾಡಿದರೆ ಸಾಕು, ಸ್ಟ್ಯಾಂಡ್ ಇಷ್ಟಿಷ್ಟೇ ಕುಸಿಯತೊಡಗುತ್ತದೆ. ಪುಟ ಕಾಣಬೇಕಲ್ಲ, ಮಾಸ್ಟ್ರೋ ಅದರ ಜೊತೆಗೇ ಬಗ್ಗುತ್ತಾರೆ. ಬಗ್ಗಿದ್ದನ್ನು ಕಂಡ ವಾದಕರು ಇದು ಮೆಲ್ಲಗೆ ನುಡಿಸಲು ಸನ್ನೆ ಎಂದುಕೊಂಡು ಮೆಲ್ಲಗಾಗುತ್ತಾರೆ. ಆ ಮಾರ್ದವವನ್ನು ಸಭಿಕರು ಮೆಚ್ಚಿ ತಲೆದೂಗಿದ್ದೂ ಉಂಟು. ಇದಕ್ಕೆ ದೊಡ್ಡವರ ಮೇಲ್ಪಂಕ್ತಿಯೂ ಇದೆ. 1813ರಲ್ಲಿ ವಿಯೆನ್ನಾದಲ್ಲಿ 7ನೆಯ ಸಿಂಫನಿ ನಡೆಸುವಾಗ, ಮೆಲುದನಿಯ ಜಾಗ ಬಂದರೆ ಬೀಥೋವನ್ ಸ್ಟ್ಯಾಂಡಿನಡಿ ನುಸುಳುವಷ್ಟು ಬಗ್ಗುತ್ತಿದ್ದರು, ಜೋರು ಬಂದಾಗ ಮೇಲಕ್ಕೆ ಜಿಗಿಯುತ್ತಿದ್ದರು ಎಂದು ಅಲ್ಲಿ ಪಿಟೀಲು ನುಡಿಸಿದ್ದ ಲೂಯಿ ಶ್ಪೋರ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕಿವಿ ಮಂದವಾಗಿದ್ದ ಬೀಥೋವನ್ ಒಮ್ಮೆ ಲೆಕ್ಕ ತಪ್ಪಿ, ಆರ್ಕೆಸ್ಟ್ರಾ ಇನ್ನೂ ಪಿಸುಗುಡುತ್ತಿರುವಾಗಲೇ ಜಿಗಿದುಬಿಟ್ಟರಂತೆ. ನಮ್ಮ ಮಾಸ್ಟ್ರೋ ಜಿಗಿಯುವುದಿಲ್ಲ, ಮಂಡಿ ನೋವು.

ಹೊಸದು ಬೇಕೆಂದು ತೀರ್ಮಾನವಾದ ಕೂಡಲೇ ಟೇಪು ಹೊರಬಂತು. ದೊಡ್ಡ ಸ್ಕೋರ್ ಎ3 ಅಳತೆಯದು; ಬಿಡಿಸಿದರೆ ಎರಡು ಪುಟ ಸೇರಿ ಸುಮಾರು 59 ಸೆಂ.ಮೀ. ಅಗಲ, 42 ಸೆಂ.ಮೀ. ಎತ್ತರ. ವಾದಕರ ಮಾಮೂಲಿ ಸ್ಟ್ಯಾಂಡಿನ ಹಲಗೆ 50 ಸೆಂ.ಮೀ. ಆಸುಪಾಸಿನದು. ಅಂದರೆ ಎರಡೂ ಕಡೆ ಸ್ಕೋರ್ ಜೋತಾಡುತ್ತದೆ. ಪುಟ ತಿರುಗಿಸುವ ಗಾಳಿಗೇ ಇಡೀ ಸಿಂಫನಿ ನೆಲಕ್ಕೆ. ಕೈಯ ಕಡ್ಡಿ ಎಲ್ಲರಿಗೂ ಕಾಣಬೇಕು, ಆದ್ದರಿಂದ ಹಲಗೆ ಸೊಂಟದ ಎತ್ತರದಲ್ಲಿ, ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿರಬೇಕು. ಲೋಹ ಹೊಳೆದರೆ ಮೇಲಿನ ದೀಪ ಕಣ್ಣಿಗೆ ರಾಚುತ್ತದೆ, ಆದ್ದರಿಂದ ಮಂದಗಪ್ಪು. ಕಡ್ಡಿ ತಗುಲಿದರೆ ಠಣ್ ಎನ್ನಬಾರದು, ಆದ್ದರಿಂದ ಫೆಲ್ಟ್ ಹೊದಿಕೆ. ನಿಂತಾಗ ಭಾರವಿರಬೇಕು, ಹೊರುವಾಗ ಹಗುರವಿರಬೇಕು. ಮಗಳಿಗೆ ಗಂಡು ಹುಡುಕುವ ತಂದೆಯ ಪಟ್ಟಿಯೂ ಇಷ್ಟು ಕಟ್ಟುನಿಟ್ಟಾಗಿರುವುದಿಲ್ಲ.

ಕ್ಯಾಟಲಾಗುಗಳು ಬಂದವು. ಜರ್ಮನಿಯ ವೆರ್ಟ್‌ಹೈಮ್‌ನಲ್ಲಿ 1949ರಿಂದ ಇದೇ ಕಸುಬು ನಡೆಸುತ್ತಿರುವ ಕೋನಿಗ್ ಅಂಡ್ ಮೇಯರ್‌ನದು ಒಂದು. ಅಮೆರಿಕದ ಯಾಕಿಮಾ ಊರಿನ ಮ್ಯಾನ್‌ಹ್ಯಾಸೆಟ್‌ನದು ಇನ್ನೊಂದು. ಇವರ ಸ್ಟ್ಯಾಂಡಿಗೆ ಎತ್ತರ ಬಿಗಿಯುವ ತಿರುಪೇ ಇಲ್ಲ, ಕೊಳವೆಯೊಳಗಿನ ಘರ್ಷಣೆಯೇ ಹಲಗೆಯನ್ನು ಎತ್ತಿದಲ್ಲಿ ಹಿಡಿದಿಡುತ್ತದೆ. ಈ ಸಾಲಿನ ಕೆಳಗೆ ಮಾಸ್ಟ್ರೋ ಎರಡು ಗೆರೆ ಎಳೆದರು. ಆ ವಾರ ಅಭ್ಯಾಸದಲ್ಲಿದ್ದ ಬ್ರಾಮ್ಸ್ ಸ್ಕೋರಿಗಿಂತ ಕ್ಯಾಟಲಾಗಿನಲ್ಲೇ ಪೆನ್ಸಿಲ್ ಗುರುತುಗಳು ಹೆಚ್ಚಿದ್ದವು.

ಸ್ಟ್ಯಾಂಡಿನ ದೀಪದ್ದು ಬೇರೆಯೇ ರಾಮಾಯಣ. ತಂತಿಯದಾದರೆ ಕಾಲಿಗೆ ತೊಡರುತ್ತದೆ. ಬ್ಯಾಟರಿಯದಾದರೆ ಯಾವಾಗ ಕೈಕೊಡುತ್ತದೋ ತಿಳಿಯದು. ಹಿಂದೆ ಮೇಣದ ಬತ್ತಿಗಳಿದ್ದವು. 1772ರಲ್ಲಿ ಹೈಡನ್ ತನ್ನ ಸಿಂಫನಿಯೊಂದರ ಕೊನೆಯಲ್ಲಿ ವಾದಕರು ಒಬ್ಬೊಬ್ಬರಾಗಿ ಸ್ಟ್ಯಾಂಡಿನ ಬತ್ತಿ ಆರಿಸಿ ಎದ್ದುಹೋಗುವಂತೆ ಮಾಡಿದ್ದ, ಕಡೆಗೆ ಉಳಿದದ್ದು ಎರಡೇ ಪಿಟೀಲು. ಊರಿಗೆ ಹೋಗಲು ನಮಗೆ ರಜೆ ಬೇಕು ಎಂದು ಎಸ್ಟರ್‌ಹಾಜಿ ರಾಜಕುಮಾರನಿಗೆ ಕೊಟ್ಟ ಅರ್ಜಿ ಅದು. ಚರ್ಚ್ ಹಾಲಿನಲ್ಲಿ ಅಂಥ ಅರ್ಜಿ ಬೇಕಿಲ್ಲ. ಒಂಬತ್ತೂವರೆಯಾದರೆ ಬ್ರಾಸ್ ವಾದ್ಯದವರು ಪಬ್ಬಿಗೆ ಹೊರಟಿರುತ್ತಾರೆ.

ಮೊದಲ ಪಿಟೀಲಿನ ಮಹಿಳೆ ಒಂದು ಸಂಜೆ ಮೆತ್ತಗೆ ಕೇಳಿದಳು, "ಸ್ಕೋರನ್ನು ಬಾಯಿಪಾಠವೇ ಮಾಡಿಬಿಟ್ಟರೆ ಹೇಗೆ?" ಇಟಲಿಯ ಮಾಸ್ಟ್ರೋ ಟೋಸ್ಕನೀನಿ 1886ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ರಿಯೋ ಡಿ ಜನೈರೋದಲ್ಲಿ ಚೆಲ್ಲೋ ಬದಿಗಿಟ್ಟು ಎದ್ದುಬಂದು ವೆರ್ಡಿಯ 'ಐಡಾ' ಒಪೆರಾವನ್ನು ಇಡಿಯಾಗಿ ನೆನಪಿನಿಂದಲೇ ನಡೆಸಿದ್ದನ್ನು ಅವಳು ನೆನಪಿಸಿದಳು. ಮಾಸ್ಟ್ರೋ ಬಳಿ ಉತ್ತರ ಸಿದ್ಧವಿತ್ತು. ನೀವೇಕೆ ಸ್ಕೋರ್ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದವರಿಗೆ ಜರ್ಮನಿಯ ಮಾಸ್ಟ್ರೋ ಕ್ನಾಪರ್ಟ್ಸ್‌ಬುಷ್, ತನಗೆ ಸ್ವರಲಿಪಿ ಓದಲು ಬರುತ್ತದೆ ಅದಕ್ಕೆ, ಎಂದರಂತೆ. ಅವಳು ಸುಮ್ಮನಾದಳು. ಟೋಸ್ಕನೀನಿಯ ದೃಷ್ಟಿ ಎಷ್ಟು ಮಂದವೆಂದರೆ ಸ್ಟ್ಯಾಂಡ್ ಇದ್ದೂ ಪ್ರಯೋಜನವಿರಲಿಲ್ಲ ಎಂಬುದನ್ನೂ ಸೇರಿಸಿದ್ದರೆ ಮಾಸ್ಟ್ರೋ ವಾದ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಇನ್ನು, ಸ್ಟ್ಯಾಂಡಿಗೆ ಹಣ ಬಿಚ್ಚಬೇಕಾದ ಖಜಾಂಚಿ. ಈತನ ಕನಸಿನಲ್ಲಿ ಒಬ್ಬ ಮಹಾರಾಜನಿದ್ದಾನೆ, ಅದೂ ಮೈಸೂರಿನವನೇ. ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಬೆನ್ನಾಗಿ ನಿಂತವರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದದ್ದು ಅವರ ಹಣದ ಭರವಸೆಯಿಂದ; ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ನಡೆಸಿದರು. ಕಾರ್ಯಕ್ರಮ ಪತ್ರಿಕೆಯೊಂದರಲ್ಲಿ ಇದನ್ನು ಓದಿದಂದಿನಿಂದ ಖಜಾಂಚಿ ಭಾರತೀಯ ಹೆಸರಿನ ಹೊಸ ಸದಸ್ಯರನ್ನು ವಿಶೇಷ ಆದರದಿಂದ ಕಾಣುತ್ತಾನೆ. ಈ ಸಲ ಸೇರಿದ್ದು ಸಾಫ್ಟ್‌ವೇರಿನ ಹುಡುಗ, ಶಿವಮೊಗ್ಗದವನು. ವಿದ್ಯಾರ್ಥಿ ರಿಯಾಯಿತಿ ಇದೆಯೇ ಎಂದು ಕೇಳಿದ.

ಅದೇ ಹುಡುಗ ಇನ್ನೊಂದು ದಾರಿ ತೋರಿಸಿದ: ಟ್ಯಾಬ್ಲೆಟ್. 2012ರಲ್ಲೇ ಬ್ರಸೆಲ್ಸ್ ಫಿಲ್‌ಹಾರ್ಮೋನಿಕ್ ಕಾಗದ ಬದಿಗಿಟ್ಟು ಟ್ಯಾಬ್ಲೆಟ್ ನೋಡಿ ನುಡಿಸಿತ್ತು. ಕಾಲಲ್ಲಿ ಪೆಡಲ್ ಒತ್ತಿದರೆ ಪುಟ ತಿರುಗುತ್ತದೆ. ಮಾಸ್ಟ್ರೋ ಯೋಚಿಸಿ ಹೇಳಿದರು, "ಅದನ್ನಿಡಲಿಕ್ಕೂ ಒಂದು ಸ್ಟ್ಯಾಂಡ್ ಬೇಕಲ್ಲ!"

ಅಂತೂ ಸ್ಟ್ಯಾಂಡ್ ಬಂತು. ಅಗಲ ಹಲಗೆ, ಮಂದಗಪ್ಪು, ಭಾರದ ಬುಡ, ಕುಸಿಯಲು ಆಸ್ಪದವೇ ಇಲ್ಲದ ಒಂದೇ ಎತ್ತರ. ಮನೆಯ ಬೈಠಕ್‌ಖಾನೆಯಲ್ಲಿ ಮಾಸ್ಟ್ರೋ ಅದರ ಮುಂದೆ ನಿಂತು ಬ್ರಾಮ್ಸ್‌ನ ಒಂದು ಇಡೀ ಸಿಂಫನಿಯನ್ನು ಗೋಡೆಗೆ ನಡೆಸಿಕೊಟ್ಟರು. ಅಳತೆ ಕರಾರುವಾಕ್ಕು. ಹಾಲಿಗೆ ತಂದಾಗ ತಿಳಿಯಿತು, ಅಲ್ಲಿ ಅವರು ನಿಲ್ಲುವುದು ನೆಲದ ಮೇಲಲ್ಲ, ಗೇಣೆತ್ತರದ ಪೋಡಿಯಂ ಮೇಲೆ. ಸ್ಟ್ಯಾಂಡ್ ಕೆಳಗಿಟ್ಟರೆ ಹಲಗೆ ತೊಡೆಯ ಮಟ್ಟಕ್ಕಿಳಿಯಿತು. ಪೋಡಿಯಂ ಮೇಲೇರಿಸಿದರೆ ಒಂದೋ ಅದು ನಿಲ್ಲಬೇಕು, ಇಲ್ಲವೇ ಮಾಸ್ಟ್ರೋ ನಿಲ್ಲಬೇಕು.

ಮುಂದಿನ ಅಭ್ಯಾಸಕ್ಕೆ ಅವರು ಹೊಸ ಪೋಡಿಯಂನ ನಕ್ಷೆಯನ್ನು ಸ್ಕೋರಿನ ಹಿಂಬದಿಯ ಖಾಲಿ ಪುಟದಲ್ಲಿ ಬರೆದು ತಂದರು. ರೇಲಿಂಗ್ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು ಎಂಬ ಎರಡು ಅಂದಾಜಿನ ಸಮೇತ.