ಕೀಚಕನಿಗೆಷ್ಟು ಜೀಬಿ?

ಎಪ್ಪತ್ತು ದಾಟಿದವರ ಕೈಗೆ ಮೊದಲ ಸ್ಮಾರ್ಟ್‌ಫೋನ್ ಬಂತೆಂದರೆ ಊರಿನಲ್ಲಿ ಯಾರಿಗೂ ಸುಮ್ಮನೆ ಕೂರಲಾಗುವುದಿಲ್ಲ. ಫೋನ್ ಯಾವುದೆಂದು ಬೆಂಗಳೂರಿನ ಮಗ ತೀರ್ಮಾನಿಸಿ ಕೊರಿಯರ್‌ನಲ್ಲಿ ಕಳಿಸಿಯಾಗಿರುತ್ತದೆ, ಆ ವಿಷಯದಲ್ಲಿ ಬಾಯಿ ಹಾಕಲು ಜಾಗವಿಲ್ಲ. ಉಳಿದಿರುವುದು ಕರೆನ್ಸಿ ಎಷ್ಟರದ್ದು ಹಾಕಿಸುವುದು ಎಂಬುದೊಂದೇ. ಹಾಲಿನ ಡೈರಿಯಲ್ಲಿ ಒಬ್ಬ ‘ಒಂದೂವರೆ ಜೀಬಿದು ಸಾಕು’ ಅನ್ನುತ್ತಾನೆ. ಸೊಸೈಟಿಯ ಕಟ್ಟೆಯಲ್ಲಿ ಕೂತವನು ‘ಎರಡು ಜೀಬಿಗಿಂತ ಕಡಿಮೆ ಹಾಕಿಸಿದ್ರೆ ಕೆಟ್ರಿ’ ಅನ್ನುತ್ತಾನೆ. ಇಬ್ಬರಿಗೂ ಜೀಬಿ ಅಂದರೆ ಎಷ್ಟೆಂದು ಕೇಳಬಾರದು. ಕೇಳಿದರೆ ಮಾತು ಸೀದಾ ಅಡಿಕೆ ಧಾರಣೆಗೆ ತಿರುಗುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪ ಈ ಸಲಹೆಗಾರರನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದರು. ‘ನಂಗೆಂತಕ್ಕೆ ಡೇಟಾ ಮಾರಾಯ? ಫೋನು ಬಂದ್ರೆ ಎತ್ತೋದು, ಮಾತಾಡೋದು, ಇಡೋದು.’

ಅವರನ್ನೂ ಅನ್ನುವ ಹಾಗಿಲ್ಲ. ಪೇಟೆಯ ಎಸ್‌ಟಿಡಿ ಬೂತಿನ ಗಾಜಿನ ಡಬ್ಬಿಯೊಳಗೆ ನಿಂತು, ಕೆಂಪು ಅಂಕಿ ಓಡುವ ಮೀಟರಿನ ಮೇಲೆ ಕಣ್ಣಿಟ್ಟು, ಮಗಳ ಹೆರಿಗೆಯ ಸುದ್ದಿ ಕೇಳಿದವರು ಅವರು. ಗಂಡೋ ಹೆಣ್ಣೋ ಅಂತ ತಿಳಿದ ಕೂಡಲೇ ಇಟ್ಟಿದ್ದರಂತೆ, ತೂಕ ಕೇಳಲಿಲ್ಲವಂತೆ. ಈ ದೇಶಕ್ಕೆ ಮೊಬೈಲ್ ಬಂದ 1995ರಲ್ಲಿ ನಿಮಿಷಕ್ಕೆ ಹದಿನಾರು ರೂಪಾಯಿವರೆಗೆ ಇತ್ತು, ಅದೂ ಕರೆ ಮಾಡಿದವನಿಗೆ ಮಾತ್ರವಲ್ಲ, ಎತ್ತಿದವನಿಗೂ ದುಡ್ಡು. ಬರುವ ಕರೆ ಪುಕ್ಕಟೆಯಾದದ್ದು 2003ರಲ್ಲಿ. ಅಷ್ಟು ಕಾಲ ಮಿಸ್ಡ್ ಕಾಲ್ ಕೊಟ್ಟೇ ಸಂಸಾರ ನಡೆಸಿದ ತಲೆಮಾರಿಗೆ ‘ದಿನಾ ಒಂದೂವರೆ ಜೀಬಿ ಖರ್ಚು ಮಾಡಿ’ ಅಂದರೆ ಕೈ ಬರುವುದು ಹೇಗೆ?

ಅವರ ಮಾತಿಗೆ ಸರ್ಕಾರದ ಬೆಂಬಲವೂ ಇದೆ, ಅದು ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ಡೇಟಾ ಬೇಡದವರ ತಲೆಗೂ ಡೇಟಾ ಕಟ್ಟಬೇಡಿ, ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಲಾನ್ ಇಡಿ ಅಂತ 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಅಪ್ಪಣೆ ಮಾಡಿತು. ಮುಂದಿನ ತಿಂಗಳೇ ಕಂಪನಿಗಳು ಅಂಥವನ್ನು ತಂದವು. ಇದನ್ನು ಹೇಳಿದ್ದೇ ತಡ ದೊಡ್ಡಪ್ಪನ ಮುಖ ಅರಳಿತು. ಒಳಗಿಂದ ದೊಡ್ಡಮ್ಮನ ದನಿ ಬಂತು: ‘ಬರೀ ಮಾತಾಡೋಕಾದ್ರೆ ಹಳೇ ಡಬ್ಬ ಎಂತಾಗಿತ್ತು? ಮೊಮ್ಮಗಳ ಮುಖ ನೋಡ್ಬೇಕು ಅಂತಲ್ವಾ ಇದು ಬಂದಿದ್ದು?’ ಅಲ್ಲಿಗೆ ಬರೀ ಮಾತಿನ ಪ್ಲಾನ್ ಬಿದ್ದುಹೋಯಿತು.

ಇನ್ನು ಜೀಬಿ ಲೆಕ್ಕ ಹಾಕುವ ಮೊದಲು ಮಲೆನಾಡಿನಲ್ಲಿ ಬೇರೆಯೇ ಒಂದು ಲೆಕ್ಕವಿದೆ: ಯಾವ ಸಿಮ್ಮಿಗೆ ಯಾವ ಮೂಲೆಯಲ್ಲಿ ಗೆರೆ ಏಳುತ್ತದೆ? ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಅಂತ ಊರವರು ಬೋರ್ಡು ಹಾಕಿದ ಸೀಮೆ ಇದು. ಪಟ್ಟಣದವರು ಈ ಪರೀಕ್ಷೆ ಮಾಡದೆ ಪ್ಲಾನ್ ನೋಡುತ್ತಾರೆ, ಅವರ ಪುಣ್ಯ. ನಾವು ಅಕ್ಕಪಕ್ಕದ ಮನೆಯ ಹುಡುಗರ ಫೋನು ಇಸಿದುಕೊಂಡು ಜಗಲಿ, ಅಂಗಳ, ಕೊಟ್ಟಿಗೆ ಎಲ್ಲ ಸುತ್ತಿದೆವು. ಬಿಎಸ್‌ಎನ್‌ಎಲ್ಲಿಗೆ ಕೊಟ್ಟಿಗೆಯಲ್ಲಿ ಸಿಗ್ನಲ್ ಸೊಗಸಾಗಿತ್ತು, ಜಿಯೋಗೆ ಜಗಲಿಯ ಕಿಟಕಿಯಲ್ಲಿ. ಕೊಟ್ಟಿಗೆಯಲ್ಲಿ ನಿಂತು ಮೊಮ್ಮಗಳ ಮುಖ ನೋಡಲು ದೊಡ್ಡಮ್ಮ ಒಪ್ಪಲಿಲ್ಲ. ಬ್ಯಾಂಕಿಗೂ ಮಂಡಿಗೂ ಕೊಟ್ಟ ಹಳೇ ನಂಬರು ಒಂದು ಸಿಮ್ಮಿನಲ್ಲಿ ಉಳಿಯಿತು, ಡೇಟಾಕ್ಕೆ ಜಿಯೋದ ಇನ್ನೊಂದು ಅಂತಾಯಿತು.

ರೀಚಾರ್ಜ್ ಅಂಗಡಿಯ ಹುಡುಗ ನಮ್ಮ ಮುಖ ನೋಡಿದ ಕೂಡಲೇ ಎರಡು ಜೀಬಿದೇ ಹಿಡಿದ. ‘ಇದಕ್ಕೆ ಫೈವ್‌ಜಿ ಅನ್‌ಲಿಮಿಟೆಡ್ ಬರುತ್ತೆ ಅಂಕಲ್.’ ಹುಡುಗ ಹೇಳಿದ್ದು ನಿಜವೇ. ಜಿಯೋದಲ್ಲಿ ದಿನಕ್ಕೆ ಎರಡು ಜೀಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನಿಗೆ ಆ ಭಾಗ್ಯವಿತ್ತು. ಆದರೆ ಫೋನು ಫೈವ್‌ಜಿಯದ್ದಾಗಿರಬೇಕು, ಊರಲ್ಲಿ ಫೈವ್‌ಜಿ ಇರಬೇಕು. ನಮ್ಮೂರಲ್ಲಿ ಮಳೆ ಜೋರಾದರೆ ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. ಇಲ್ಲದ ಜೀಗೆ ದುಡ್ಡು ಕೊಡುವಷ್ಟು ಧಾರಣೆ ಈ ವರ್ಷ ಬಂದಿಲ್ಲ ಅಂತ ದೊಡ್ಡಪ್ಪ ಹೇಳಿದರು.

ಅವರು ನಿಜವಾಗಿ ಕೆರಳಿದ್ದು ಇಪ್ಪತ್ತೆಂಟು ದಿನದ ವಿಷಯಕ್ಕೆ. ‘ಯಾವ ತಿಂಗಳು ಇದು, ಫೆಬ್ರವರಿನಾ?’ ಅಂತ ಕೇಳಿದರು. ಹುಡುಗ ನಕ್ಕ. ದೊಡ್ಡಪ್ಪ ಬೆರಳು ಮಡಿಚಿ ಗುಣಿಸಿದರು. ಇಪ್ಪತ್ತೆಂಟು ಹದಿಮೂರಲೆ ಮುನ್ನೂರ ಅರವತ್ತನಾಲ್ಕು. ಅಂದರೆ ವರ್ಷಕ್ಕೆ ಹದಿಮೂರು ಸಲ ಕರೆನ್ಸಿ! ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರುವುದು ಎರಡು ಮುಕ್ಕಾಲು ವರ್ಷಕ್ಕೆ ಒಂದು ಸಲ, 2023ರಲ್ಲಿ ಶ್ರಾವಣಕ್ಕೆ ಬಂದಿತ್ತು. ಕಂಪನಿಯ ಪಂಚಾಂಗದಲ್ಲಿ ಅದು ಪ್ರತಿವರ್ಷ, ದಾನವೂ ಅವರಿಗೇ ಸಲ್ಲಬೇಕು. ಈ ಬಗ್ಗೆ ಗಲಾಟೆ ಎದ್ದೇ 2022ರ ಜನವರಿಯಲ್ಲಿ ಟ್ರಾಯ್, ಮೂವತ್ತು ದಿನದ್ದು ಒಂದಾದರೂ ಇರಲಿ, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವಂಥದ್ದು ಒಂದಾದರೂ ಇರಲಿ ಅಂತ ಹೇಳಿತು. ಇವೆ ಕೂಡ. ಬೇಕಾದವರು ಹೆಸರು ಹಿಡಿದು ಕೇಳಬೇಕು, ಅಂಗಡಿಯವರು ತಾವಾಗಿ ಬಾಯಿ ಬಿಡುವುದು ಕಡಿಮೆ.

ಕೊನೆಗೆ ಎರಡರ ಮೇಲೆ ಬಂದು ನಿಂತಿತು. 2024ರ ಜುಲೈನಲ್ಲಿ ದರ ಏರಿದಾಗ ಜಿಯೋದ 155 ರೂಪಾಯಿಯದು 189 ಆಗಿತ್ತು, ಅದರಲ್ಲಿ ಇಪ್ಪತ್ತೆಂಟು ದಿನಕ್ಕೆ ಒಟ್ಟು ಎರಡೇ ಜೀಬಿ. 239ರದ್ದು 299 ಆಗಿತ್ತು, ಅದರಲ್ಲಿ ದಿನಕ್ಕೆ ಒಂದೂವರೆ. ದೊಡ್ಡಪ್ಪ ಮೊದಲನೆಯದಕ್ಕೇ ಕೈ ಹಾಕಿದರು. ತಪ್ಪೇನಿಲ್ಲ, ವಾಟ್ಸಾಪಿನಲ್ಲಿ ನಾಲ್ಕು ಅಕ್ಷರ ಓದುವವರಿಗೆ ಎರಡು ಜೀಬಿ ತಿಂಗಳಿಡೀ ಬರುತ್ತದೆ. ಆದರೆ ನೆಂಟರ ಗುಂಪಿನ ಶುಭೋದಯದ ಗಣಪತಿಗಳೂ ಅತ್ತಿಗೆಯ ಕಡೆಯವರ ಸೀಮಂತದ ವಿಡಿಯೋಗಳೂ ಹೇಳದೆ ಕೇಳದೆ ಒಳಗೆ ಇಳಿದು ಕೂರುತ್ತವಲ್ಲ, ಅವಕ್ಕೆ ಯಾರು ಲೆಕ್ಕ ಇಟ್ಟವರು? ಆ ಆಟೋ ಡೌನ್‌ಲೋಡ್ ಬಂದ್ ಮಾಡದೆ ಯಾವ ಪ್ಲಾನ್ ಹಾಕಿಸಿದರೂ ಅಷ್ಟೇ. ಅದನ್ನು ನಾನು ಬಂದ್ ಮಾಡಿಕೊಟ್ಟೆ. ದೊಡ್ಡಪ್ಪ ಒಂದು ಹೆಜ್ಜೆ ಮುಂದೆ ಹೋಗಿ ಡೇಟಾವನ್ನೇ ಬಂದ್ ಮಾಡಿಟ್ಟರು. ಬೆಳಿಗ್ಗೆ ಒಮ್ಮೆ ತೆಗೆದು, ಟಿಂಗ್ ಟಿಂಗ್ ಅಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡು, ಮತ್ತೆ ಬಂದ್. ಗ್ಯಾಸಿನ ರೆಗ್ಯುಲೇಟರನ್ನೂ ಅವರು ಅಷ್ಟು ಜೋಪಾನ ಮಾಡಿದ್ದು ಕಂಡಿಲ್ಲ.

ಹೀಗೆ ನಡೆಯುತ್ತಿತ್ತು, ಯಾರೋ ಪುಣ್ಯಾತ್ಮರು ಯೂಟ್ಯೂಬಿನಲ್ಲಿ ರಾತ್ರಿಯಿಡೀ ಯಕ್ಷಗಾನ ಇದೆ ಅಂತ ತೋರಿಸುವವರೆಗೆ. ಎರಡು ಜೀಬಿಯ ಪ್ಲಾನು ಒಂದೇ ಆಟಕ್ಕೆ ಸೋತಿತು. 299ರದ್ದು ಬಂತು. ಊಟ ಮುಗಿಸಿ ಎಂಟೂವರೆಗೆ ಜಗಲಿಯಲ್ಲಿ ಕೀಚಕವಧೆ ಹಾಕಿದರು, ಫೋನಿಗೆ ತಂಬಿಗೆಯ ಆಸರೆ. 480ಪಿಯಲ್ಲಿ ನೋಡಿದರೆ ಗಂಟೆಗೆ ಸುಮಾರು ಅರ್ಧ ಜೀಬಿ ಹೋಗುತ್ತದೆ. ಒಂದೂವರೆಯನ್ನು ಅದರಿಂದ ಭಾಗಿಸಿ, ಕೀಚಕ ಎಷ್ಟು ಹೊತ್ತಿಗೆ ಬಂದ ಅಂತ ನೀವೇ ನೋಡಿ. ನಾಟ್ಯಶಾಲೆಯ ಕತ್ತಲಲ್ಲಿ ಮುಸುಕು ಹಾಕಿ ಕೂತ ಭೀಮನನ್ನು ಸೈರಂಧ್ರಿ ಅಂತಲೇ ತಿಳಿದು, ಮೀಸೆ ತಿರುವುತ್ತಾ ಬಂದು, ಹೆಗಲ ಮೇಲೆ ಕೈಯಿಟ್ಟ. ಆ ಕೈ ಅಲ್ಲೇ ನಿಂತಿತು. ಭಾಗವತರ ಬಾಯಿ ತೆರೆದದ್ದು ತೆರೆದೇ ಇತ್ತು. ನಡುವೆ ಒಂದು ಚಕ್ರ ಗಿರಗಿರ ಸುತ್ತುತ್ತಿತ್ತು.

ದಿನದ ಪಾಲು ಮುಗಿದ ಮೇಲೆ ಕೊಡುವ ವೇಗ 64 ಕೆಬಿಪಿಎಸ್. ಒಂದು ಎಂಬಿಯ ಫೋಟೋ ಇಳಿಯಲಿಕ್ಕೇ ಎರಡು ನಿಮಿಷ ಬೇಕು, ಇನ್ನು ಭೀಮ ಏಳುವುದೆಲ್ಲಿ? ‘ಅಯ್ಯೋ, ಅವನನ್ನ ಹಾಗೇ ಬಿಟ್ಟು ಮಲಗಬೇಡಿ, ಕೆಟ್ಟ ಕನಸು ಬೀಳ್ತದೆ’ ಅಂತ ದೊಡ್ಡಮ್ಮ ಹಠ ಹಿಡಿದರು. ಹೊಸ ದಿನದ ಡೇಟಾ ಬರುವುದು ಮಧ್ಯರಾತ್ರಿ ಹನ್ನೆರಡಕ್ಕೆ. ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಗೋಡೆ ಗಡಿಯಾರ ನೋಡುತ್ತಾ ಕೂತರು. ಹನ್ನೆರಡು ಹೊಡೆದ ಮೇಲೆಯೇ ಕೀಚಕ ಸತ್ತದ್ದು.

ಈಗ ಅವರ ಮನೆಯ ರೋಗ ಬೇರೆ ಥರದ್ದು. ಮಿಕ್ಕ ಡೇಟಾ ನಾಳೆಗೆ ಬರುವುದಿಲ್ಲವೆಂದು ತಿಳಿದ ದಿನದಿಂದ ದೊಡ್ಡಪ್ಪನಿಗೆ ನಿದ್ದೆ ಹತ್ತುವುದಿಲ್ಲ. ಮಿಕ್ಕಿದ ಅನ್ನವನ್ನು ಮರುದಿನ ಚಿತ್ರಾನ್ನ ಮಾಡಿಸಿಯೇ ತಿನ್ನುವ ಮನುಷ್ಯ. ಹನ್ನೊಂದೂವರೆಗೆ ನಾನೂರು ಎಂಬಿ ಉಳಿದಿದೆ ಅಂತ ಕಂಡರೆ, ಇಷ್ಟವಿಲ್ಲದ ಧಾರಾವಾಹಿಯನ್ನಾದರೂ ಹಚ್ಚಿ ಅದನ್ನು ಮುಗಿಸಿಯೇ ಮಲಗುತ್ತಾರೆ. ಹೀಗೆ ಹಾಳಾಗಬಾರದೆಂದು ನೋಡಿ ನೋಡಿ ಅವರಿಗೆ ನಿಜವಾಗಿಯೂ ಒಂದೂವರೆ ಜೀಬಿ ಸಾಲದಾಗಿದೆ. ದಿನದ ಲೆಕ್ಕದಲ್ಲಿ ಡೇಟಾ ಅಳೆದು ಕೊಡುವ ಉಪಾಯ ಕಂಡುಹಿಡಿದವನು ಯಾರೋ, ನಮ್ಮ ಅಜ್ಜಿಯಂದಿರ ಸ್ವಭಾವವನ್ನು ಚೆನ್ನಾಗಿ ಓದಿಕೊಂಡವನೇ ಇರಬೇಕು.

ಮೊನ್ನೆ ಹೋದಾಗ ವರ್ಷದ ಪ್ಲಾನಿನ ಮಾತೆತ್ತಿದೆ. ಹದಿಮೂರು ಸಲ 299 ಅಂದರೆ 3,887 ರೂಪಾಯಿ. ಅದೇ ದರಪಟ್ಟಿಯಲ್ಲಿ 365 ದಿನದ್ದು 3,599, ದಿನಕ್ಕೆ ಎರಡೂವರೆ ಜೀಬಿ. ದುಡ್ಡೂ ಉಳಿಯಿತು, ಕೀಚಕನೂ ಹೊತ್ತಿಗೆ ಸರಿಯಾಗಿ ಸಾಯುತ್ತಾನೆ. ದೊಡ್ಡಪ್ಪ ಲೆಕ್ಕವನ್ನು ಎರಡು ಸಲ ನೋಡಿ ಕನ್ನಡಕ ತೆಗೆದರು.

‘ಲೆಕ್ಕ ಸರಿ ಇದೆ ಮಾರಾಯ. ಆದ್ರೆ ಈ ವಯಸ್ಸಲ್ಲಿ ಒಂದು ವರ್ಷದ್ದು ಮುಂಗಡ ಕಟ್ಟೋದಾ? ನಡುವೆ ನಾನು ಹೋದ್ರೆ?’

ದೊಡ್ಡಮ್ಮ ಅಡಕತ್ತರಿಯಿಂದ ಕಣ್ಣೆತ್ತಲಿಲ್ಲ. ‘ಹಾಕ್ಸಿ ಹಾಕ್ಸಿ. ಉಳಿದದ್ದು ನಾನು ನೋಡ್ತೇನೆ.’