ಬಾಳಿಕೆ ರಾಯರ ನಾಲ್ಕು ಟೈರು

ಮೈಸೂರಿನ ಕುವೆಂಪುನಗರಕ್ಕೆ ಹೋಗಿ, ಸರಸ್ವತೀಪುರಕ್ಕೆ ಹೋಗಿ, ಅಡ್ಡರಸ್ತೆಗೆ ಒಬ್ಬರಂತೆ ಬಾಳಿಕೆ ರಾಯರು ಸಿಗುತ್ತಾರೆ. ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಇನ್ನೊಬ್ಬರು ಕಾಲೇಜಿನಿಂದ, ಮತ್ತೊಬ್ಬರು ವಿದ್ಯುತ್ ಮಂಡಳಿಯಿಂದ. ಗೇಟಿನೊಳಗೆ ಬೂದು ಬಣ್ಣದ ಕವರು, ಕವರಿನ ಮೇಲೆ ಉದುರಿದ ಹೊಂಗೆ ಹೂವು, ಕವರಿನೊಳಗೆ 2004ರ ಮಾರುತಿ ಆಲ್ಟೊ. ಪ್ರೆಷರ್ ಕುಕ್ಕರಿನಿಂದ ಹಿಡಿದು ಅಳಿಯನವರೆಗೆ ಏನನ್ನೇ ಮನೆಗೆ ತಂದರೂ ರಾಯರು ನೋಡಿದ್ದು ಬಾಳಿಕೆಯೊಂದನ್ನೇ. ಅಂದ, ಬಣ್ಣ, ವೇಗ ಇವೆಲ್ಲ ದುಂದುಗಾರರ ವಿಷಯ.

ನಮ್ಮ ಬೀದಿಯ ರಾಯರಿಗೆ ಎಪ್ಪತ್ತೆರಡು. ಅವರ ಆಲ್ಟೊ ಇಪ್ಪತ್ತೊಂದು ವರ್ಷದಲ್ಲಿ ಓಡಿರುವುದು 58,000 ಕಿಲೋಮೀಟರು. ಈಗಂತೂ ವರ್ಷಕ್ಕೆ ಎರಡು ಸಾವಿರ ದಾಟಿದರೆ ಹೆಚ್ಚು. ನಂಜನಗೂಡು, ಚಾಮುಂಡಿಬೆಟ್ಟ, ಸೀಸನ್ನಿನಲ್ಲಿ ಒಂದಷ್ಟು ಕಲ್ಯಾಣಮಂಟಪ. ಉಳಿದಂತೆ ಬ್ಯಾಟರಿ ಇಳಿದುಹೋಗದಿರಲೆಂದು ಭಾನುವಾರ ಬೆಳಗ್ಗೆ ರಿಂಗ್ ರೋಡಿನ ತನಕ ಒಂದು ಸವಾರಿ. 2019ರಲ್ಲಿ 600 ರೂಪಾಯಿಗೆ ಮುಗಿದಿದ್ದ ಆರ್‌ಸಿ ನವೀಕರಣಕ್ಕೆ 2024ರಲ್ಲಿ 5,000 ಕಟ್ಟಿದ್ದಾರೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಆ ಶುಲ್ಕ ಈಗ 10,000 ಆಗಿದೆ ಎಂದು ಪೇಪರಿನಲ್ಲಿ ಓದಿದ ದಿನ ಅವರು ಮಧ್ಯಾಹ್ನ ಮಲಗಲಿಲ್ಲ. ಅಷ್ಟು ದುಡ್ಡು ತಿಂದ ಕಾರನ್ನು ಇನ್ನು ಮಾರುವ ಮಾತೇ ಇಲ್ಲ.

ಹೀಗಿರುವಾಗ ಪಂಕ್ಚರ್ ಅಂಗಡಿಯ ಹುಡುಗ ಚಕ್ರ ಕಳಚಿ, ಒರೆಸಿ, ತಿರುಗಿಸಿ ನೋಡಿ ತೀರ್ಪು ಕೊಟ್ಟ. "ಸಾರ್, ಬಟನ್ ಚೆನ್ನಾಗೇ ಇದೆ. ಆದ್ರೆ ಸೈಡ್ ನೋಡಿ, ಪೂರ್ತಿ ಬಿರುಕು ಬಿಟ್ಟಿದೆ. ರಬ್ಬರ್ ಸತ್ತೋಗಿದೆ. ನಾಲ್ಕೂ ಹೊಸದು ಹಾಕ್ಸಿ."

"ಬಟನ್ ಇದ್ದ ಮೇಲೆ ಟೈರು ಹೇಗಯ್ಯಾ ಸಾಯತ್ತೆ?"

ರಾಯರು ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ಟೈರಿನ ಸಂದಿಗೆ ತೂರಿಸಿ ತೋರಿಸಿದರು. ಸಂದಿ 1.6 ಮಿಲಿಮೀಟರಿಗೆ ಇಳಿದರೆ ಟೈರು ಬದಲಿಸಬೇಕೆಂದು ಕಾನೂನಿದೆ. ರಾಯರ ಟೈರಿನಲ್ಲಿ ಅದರ ಮೂರರಷ್ಟು ಆಳವಿತ್ತು. ಕಾನೂನು ಅವರ ಪರ. ರಬ್ಬರು ಮಾತ್ರ ಕಾನೂನು ಓದಿರಲಿಲ್ಲ. ಅದಕ್ಕೆ ಕಿಲೋಮೀಟರಿನ ಲೆಕ್ಕವೊಂದು, ಕ್ಯಾಲೆಂಡರಿನ ಲೆಕ್ಕ ಇನ್ನೊಂದು. ಬಿಸಿಲು, ಆಮ್ಲಜನಕ, ಓಝೋನ್ ಸೇರಿ ಅದನ್ನು ಒಣಗಿಸಿ ಗಟ್ಟಿ ಮಾಡುತ್ತವೆ. ಇದನ್ನು ತಡೆಯಲೆಂದು ರಬ್ಬರಿನೊಳಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟೈರು ಉರುಳಿ, ಬಾಗಿ, ಬಳುಕಿದಾಗಲೇ ಆ ಮೇಣ ಮೇಲಕ್ಕೆ ಬಂದು ಕಾಯುವುದು. ಕವರಿನಡಿ ವಾರವಿಡೀ ನಿಂತ ಟೈರಿಗೆ ಆ ಭಾಗ್ಯವೂ ಕಡಿಮೆ. ಐದಾರು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಬಟನ್ ಎಷ್ಟೇ ಇರಲಿ ಹತ್ತಕ್ಕೆ ಬದಲಿಸಿ ಎಂದು ಟೈರು ಮಾಡುವವರೇ ಹೇಳುತ್ತಾರೆ. ರಾಯರವು 2013ರ ಟೈರು. ಮಾರುವವನು ಮತ್ತೆ ಬೇಗ ಕೊಂಡುಕೋ ಎನ್ನದೆ ಇನ್ನೇನು ಹೇಳಿಯಾನು ಎಂಬುದು ಅವರ ವಾದ.

ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಹಾಕಿಸುವುದಾದರೆ ಮತ್ತೆ ಹಾಕಿಸುವ ಪ್ರಮೇಯವೇ ಬರಬಾರದು.

ಮಾರನೇ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ದಂಡೆಯ ಮೇಲೆ ವಿಷಯ ಮಂಡನೆಯಾಯಿತು. ವಾಕಿಂಗ್ ಗೆಳೆಯರಲ್ಲಿ ಒಬ್ಬರು ಎಂಆರ್‌ಎಫ್ ಪಕ್ಷ. 1946ರಲ್ಲಿ ಮದ್ರಾಸಿನಲ್ಲಿ ಮಕ್ಕಳ ಬಲೂನು ಮಾಡುತ್ತ ಶುರುವಾದ ಕಂಪನಿ ಅದು ಎಂದು ಅವರು ಅಭಿಮಾನದಿಂದ ಹೇಳಿದ್ದೇ ತಪ್ಪಾಯಿತು. "ಬಲೂನಾ?" ಎಂದು ರಾಯರು ನಿಂತೇಬಿಟ್ಟರು. ಬಾಳಿಕೆಯ ಮಾತಿನ ನಡುವೆ ಬಲೂನು ಬರಬಾರದಿತ್ತು. ಇನ್ನೊಬ್ಬರದು ಊರಿನ ಅಭಿಮಾನ: "ಏನೇ ಹೇಳಿ, ನಮ್ಮ ವಿಕ್ರಾಂತ್ ಥರ ಬರಲ್ಲ." ವಿಕ್ರಾಂತ್ ಕಾರ್ಖಾನೆ ಜೆಕೆ ಟೈರಿನವರ ಕೈಸೇರಿದ್ದು 1997ರಲ್ಲಿ. ಆದರೆ ಹಳೇ ಮೈಸೂರಿಗರ ಬಾಯಲ್ಲಿ ಅದಿನ್ನೂ ವಿಕ್ರಾಂತೇ. ಮೂರನೆಯವರು ರೀಸೋಲ್ ಮಾಡಿಸಿ ಅಂದರು. ಅವರು ಲಾರಿ ಇಟ್ಟಿದ್ದವರು.

ಅಲ್ಲಿಂದ ವಿಷಯ ಡಲ್ಲಾಸಿನಲ್ಲಿರುವ ಮಗನ ತನಕ ಹೋಯಿತು. ಅಮೆರಿಕದಲ್ಲಿ ಟೈರಿನ ಮೇಲೆ ಸವೆತದ ಅಂಕ ಅಂತ ಒಂದು ಇರುತ್ತದೆ, 100 ಅಂದರೆ ಸಾಧಾರಣ, 400 ಅಂದರೆ ಅದರ ನಾಲ್ಕರಷ್ಟು ಬಾಳಿಕೆ ಎಂದು ಮಗ ವಿವರಿಸಿದ. ಪರೀಕ್ಷೆ ನಡೆಯುವುದು ಅವನ ಟೆಕ್ಸಸ್ಸಿನಲ್ಲೇ, ಸ್ಯಾನ್ ಆಂಜೆಲೊ ಎಂಬ ಊರಿನ ಸುತ್ತ. 640 ಕಿಲೋಮೀಟರಿನ ಒಂದು ಸುತ್ತಿನ ರಸ್ತೆಯಲ್ಲಿ ಕಾರುಗಳನ್ನು ಮತ್ತೆ ಮತ್ತೆ ಓಡಿಸಿ, ಒಟ್ಟು ಸುಮಾರು 11,500 ಕಿಲೋಮೀಟರಾದ ಮೇಲೆ ಸವೆತ ಅಳೆದು, ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ಅಂಕ ಕೊಡುವವರು ಟೈರಿನ ಕಂಪನಿಯವರೇ.

"ಪರೀಕ್ಷೆ ಬರೆದವನೇ ಪೇಪರ್ ತಿದ್ದೋದಾ?" ರಾಯರು ಕೇಳಿದರು. "ಅದೂ ಹನ್ನೊಂದು ಸಾವಿರ ಓಡಿಸಿ ಲಕ್ಷದ ಮಾತಾಡ್ತಾರಾ? ಆ ಊರು ನಿನಗೆಷ್ಟು ದೂರ?"

"ನಾಲ್ಕು ಗಂಟೆ ಡ್ರೈವ್ ಆಗತ್ತಪ್ಪ."

"ಶನಿವಾರ ಹೇಗೂ ರಜ ಅಲ್ಲವಾ?"

ಮಗ ಆಮೇಲೆ ಕೆಲವು ದಿನ ಅಮ್ಮನ ಫೋನಿಗೆ ಮಾತ್ರ ಮಾಡುತ್ತಿದ್ದ.

ಇಷ್ಟರಲ್ಲಿ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತದೆಂಬ ಸುದ್ದಿ ಬಂತು. 2025ರ ಸೆಪ್ಟೆಂಬರ್ 22ರ ತನಕ ಕಾಯುವುದು ಧರ್ಮವೇ. ಇಳಿದ ಮೇಲೂ ಅಂಗಡಿಯವರು ನಿಜವಾಗಿ ಇಳಿಸಿದ್ದಾರೋ ಇಲ್ಲವೋ ನೋಡಲು ಇನ್ನಷ್ಟು ಕಾದರು. ಆ ವರ್ಷದ ಆಯುಧಪೂಜೆ ಹಳೆಯ ಟೈರಿಗೇ ಸಂದಿತು. ನಾಲ್ಕು ನಿಂಬೆಹಣ್ಣೂ ಸರಿಯಾಗಿ ಅಪ್ಪಚ್ಚಿಯಾದವು. "ನೋಡಿದ್ರಾ, ಇನ್ನೂ ಶಕ್ತಿ ಇದೆ" ಎಂದರು ನನ್ನತ್ತ ತಿರುಗಿ.

ನವೆಂಬರಿನಲ್ಲಿ ಅಂಗಡಿಗೆ ಹೊರಟಾಗ ಸಾಕ್ಷಿಗೆಂದು ನನ್ನನ್ನೂ ಕರೆದೊಯ್ದರು. ಆಲ್ಟೊಗೆ ಬೇಕಾದದ್ದು 145/80 ಆರ್ 12, ಅದರ ಪಕ್ಕದಲ್ಲಿ 74ಟಿ ಎಂಬ ಗುರುತು. 74 ಅಂದರೆ ಟೈರೊಂದು 375 ಕಿಲೋ ತೂಕ ಹೊರಬಲ್ಲದು, ಟಿ ಅಂದರೆ ಗಂಟೆಗೆ 190 ಕಿಲೋಮೀಟರಿನ ತನಕ ತಡೆಯಬಲ್ಲದು ಎಂದು ಅಂಗಡಿಯವನು ಹೇಳಿದ. ಐವತ್ತು ದಾಟಿದರೆ ಯಜಮಾನತಿಯಿಂದ "ರೀ" ಎಂಬ ಎಚ್ಚರಿಕೆ ಬರುವ ಕಾರಿನ ಮಾಲೀಕರು 190 ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ಲಕ್ಷ ಕಿಲೋಮೀಟರ್ ಬರೋದು ಯಾವುದಿದೆ, ಅದನ್ನ ತೋರಿಸಿ."

ಪಕ್ಕದಲ್ಲಿ ಹಳದಿ ಬೋರ್ಡಿನ ಡಿಜೈರ್ ನಿಲ್ಲಿಸಿಕೊಂಡು ಒಬ್ಬ ಡ್ರೈವರ್ ಅಂಥದೇ ಟೈರು ಹಾಕಿಸುತ್ತಿದ್ದ. ಅವನು ಬಂದು, ಹೆಸರು ಹೇಳಿ, ದುಡ್ಡು ಎಣಿಸುವಷ್ಟರಲ್ಲಿ ರಾಯರ ನೋಟ್‌ಬುಕ್ಕು ಎರಡನೇ ಪುಟಕ್ಕೂ ಬಂದಿರಲಿಲ್ಲ. ಕುತೂಹಲಕ್ಕೆ ಕೇಳಿದ: "ನಿಮ್ದು ತಿಂಗಳಿಗೆ ಎಷ್ಟು ಓಡತ್ತೆ ಸಾರ್?"

"ಹತ್ತಿರ ಹತ್ತಿರ ನೂರೈವತ್ತು."

"ಅಷ್ಟು ನಾನು ಮಧ್ಯಾಹ್ನದ ಊಟಕ್ಕೆ ಮುಂಚೆ ಓಡಿಸ್ತೀನಿ."

ಅಂಗಡಿಯ ಹುಡುಗ ಆಗಲೇ ಫೋನಿನಲ್ಲಿ ಲೆಕ್ಕ ಹಾಕಿ ಮುಗಿಸಿದ್ದ. "ಸಾರ್, ನಿಮ್ಮ ಲೆಕ್ಕದಲ್ಲಿ ಲಕ್ಷ ಆಗಕ್ಕೆ ಐವತ್ತು ವರ್ಷಕ್ಕೂ ಮೇಲೆ ಬೇಕು." ಎಪ್ಪತ್ತೆರಡಕ್ಕೆ ಐವತ್ತು ಕೂಡಿಸಿದರೆ ಎಷ್ಟೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ರಾಯರಂತೂ ಅದನ್ನು ಟೈರಿನ ಹೊಗಳಿಕೆ ಎಂದೇ ತಿಳಿದರು.

ಬಹಳ ದಿನ ಬರುವ ಟೈರಿನ ರಬ್ಬರು ಸಾಮಾನ್ಯವಾಗಿ ಕೊಂಚ ಗಡಸು. ಸವೆಯುವುದು ನಿಧಾನ, ಆದರೆ ಮಳೆ ನೆಂದ ರಸ್ತೆಯಲ್ಲಿ ಹಿಡಿತ ಒಂದು ಕೈ ಕಡಿಮೆಯಾಗಬಹುದು. ಎರಡನ್ನೂ ಚೆನ್ನಾಗಿ ಕೂಡಿಸಿದ ಟೈರಿಗೆ ಬೆಲೆ ಹೆಚ್ಚು. ತಿಂಗಳಿಗೆ ಸಾವಿರಗಟ್ಟಲೆ ಓಡಿಸುವ ಆ ಡ್ರೈವರಿಗೆ ಸವೆತವೇ ದೊಡ್ಡ ಖರ್ಚು, ಅವನ ಆಯ್ಕೆ ಸರಿ. ರಾಯರ ಟೈರು ಸವೆದು ಸಾಯುವ ಜಾತಿಯದೇ ಅಲ್ಲ, ಅದು ವಯಸ್ಸಾಗಿ ಸಾಯುವುದು. ಅವರಿಗೆ ಬೇಕಿದ್ದದ್ದು ಮೆತ್ತಗಿನ, ಬ್ರೇಕು ಒತ್ತಿದರೆ ರಸ್ತೆಗೆ ಅಂಟುವ, ಮೊನ್ನೆ ಮೊನ್ನೆ ತಯಾರಾದ ಟೈರು. ಇದನ್ನು ಹೇಳಿದೆ. "ಮೆತ್ತಗಿನದು" ಎಂಬ ಮಾತಿಗೇ ರಾಯರು ನನ್ನನ್ನು ದುಂದುಗಾರರ ಪಟ್ಟಿಗೆ ಸೇರಿಸಿದರು. ತಾರೀಖಿನ ಮಾತು ಮಾತ್ರ ನಾಟಿತು. ಅತಿಯಾಗಿ ನಾಟಿತು.

ಟೈರಿನ ಪಕ್ಕದಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಇದು ತಿಳಿದದ್ದೇ ರಾಯರು ಕನ್ನಡಕ ಏರಿಸಿ, ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಹಾಗೆ ಒಂದೊಂದೇ ಟೈರಿನ ಅಂಕಿ ಓದಿಸಿದರು. ಮೊದಲು ತಂದ ನಾಲ್ಕರಲ್ಲಿ ಎರಡು 2023ರವು. ವಾಪಸು. ಹುಡುಗ ಗೋಡೌನಿಗೆ ಹೋಗಿ ಟಾರ್ಚು ಹಿಡಿದು ಹುಡುಕಿ, ಮೈಮೇಲೆ ಸಣ್ಣ ಸಣ್ಣ ರಬ್ಬರು ಕೂದಲು ನಿಂತಿದ್ದ ಹೊಚ್ಚಹೊಸ ನಾಲ್ಕನ್ನು ಉರುಳಿಸಿಕೊಂಡು ಬಂದ. ನಾಲ್ಕರ ಮೇಲೂ 3825.

"ಮೂವತ್ತೆಂಟನೇ ವಾರ ಅಂದ್ರೆ?"

"ಸೆಪ್ಟೆಂಬರ್ 15ರಿಂದ 21, ಸಾರ್."

ರಾಯರ ಮುಖ ಇಳಿಯಿತು. "ಪಿತೃಪಕ್ಷ!"

ಮಹಾಲಯ ಅಮಾವಾಸ್ಯೆ ಬಿದ್ದದ್ದು 21ಕ್ಕೆ. ಆ ಪಕ್ಷದಲ್ಲಿ ಒಂದು ಸೌಟನ್ನೂ ಕೊಳ್ಳದ ಮನೆತನ ಅವರದು. ಅಂಗಡಿಯವನು ಅನುಭವಸ್ಥ. "ಸಾರ್, ತಯಾರಾಗಿದ್ದು ಪಕ್ಷದಲ್ಲಿ ಇರಬಹುದು, ನೀವು ತಗೊಳ್ತಿರೋದು ಕಾರ್ತೀಕದಲ್ಲಿ. ಅದೂ ಅಲ್ದೆ, 28 ಪರ್ಸೆಂಟ್ ಕಾಲದಲ್ಲಿ ಹುಟ್ಟಿದ ಮಾಲು, 18ಕ್ಕೆ ಸಿಗ್ತಿದೆ." ಪಿತೃಗಳ ಮೇಲೆ ಜಿಎಸ್‌ಟಿ ಗೆದ್ದಿತು.

ನೈಟ್ರೋಜನ್ ತುಂಬಿಸಿ ಅಂದಾಗ, ಮಾಮೂಲು ಗಾಳಿಯಲ್ಲೇ ಅದು 78 ಭಾಗ ಪುಕ್ಕಟೆ ಇದೆಯಲ್ಲ ಎಂದರು. ಆ ದಿನ ಅವರಾಡಿದ ಮಾತುಗಳಲ್ಲಿ ನಾನು ತಲೆದೂಗಿದ್ದು ಇದೊಂದಕ್ಕೇ. ಹೊಸದನ್ನು ಎರಡೇ ಹಾಕಿಸಿ ಮುಂದೆ ಕೂಡಿಸಿದರೆ ಹೇಗೆ ಎಂದೂ ವಿಚಾರಿಸಿದರು. ಎರಡೇ ಆದರೆ ಹಿಂದಕ್ಕೇ ಹಾಕಬೇಕು, ಇಲ್ಲದಿದ್ದರೆ ಮಳೆಯಲ್ಲಿ ಹಿಂಬದಿ ಜಾರಿ ಕಾರು ಸುತ್ತುತ್ತದೆ ಎಂದು ಅಂಗಡಿಯವನು ಕೈಯಾಡಿಸಿ ತೋರಿಸಿದ ಮೇಲೆ ನಾಲ್ಕಕ್ಕೂ ಒಪ್ಪಿದರು.

"ಸ್ಟೆಪ್ನಿ ಸಾರ್?"

ರಾಯರು ಇದಕ್ಕೇ ಕಾದಿದ್ದವರಂತೆ ನಕ್ಕರು. "ಅದರ ಚಿಂತೆ ಬೇಡ. ಶೋರೂಮಿಂದ ಬಂದದ್ದು, ಒಂದು ದಿನವೂ ನೆಲ ಮುಟ್ಟಿಲ್ಲ. ಪಂಕ್ಚರ್ ಆದಾಗೆಲ್ಲ ಅಲ್ಲೇ ನಿಂತು ಹಾಕಿಸಿಕೊಂಡೇ ಹೊರಟಿದ್ದೀನಿ, ಅದನ್ನ ಇಳಿಸಿಲ್ಲ."

ಹುಡುಗ ಡಿಕ್ಕಿ ತೆಗೆದು ಮ್ಯಾಟು ಎತ್ತಿದ. ಟೈರು ಕಪ್ಪಗೆ ಹೊಳೆಯುತ್ತಿತ್ತು, ರಬ್ಬರು ಕೂದಲೂ ಹಾಗೇ ಇತ್ತು. ಅವನು ಟಾರ್ಚು ಬಿಟ್ಟು ಓದಿದ: 1704.

"ಸಾರ್, ಇದಕ್ಕೆ ನನಗಿಂತ ವಯಸ್ಸು ಜಾಸ್ತಿ."

ಕಳಚಿದ ಹಳೆಯದರಲ್ಲೇ ತಕ್ಕಮಟ್ಟಿಗಿದ್ದ ಒಂದನ್ನು ಸ್ಟೆಪ್ನಿ ಜಾಗಕ್ಕೆ ಇಡಿಸಿದರು, ಬೇಡವೆಂದರೂ ಕೇಳಲಿಲ್ಲ. ನೆಲ ಮುಟ್ಟದ ಕನ್ಯೆಯೂ ಉಳಿದ ಮೂರೂ ಮನೆಯ ತಾರಸಿ ಸೇರಿದವು. ಅಲ್ಲಿ 2013ರಲ್ಲಿ ಕಳಚಿದ ನಾಲ್ಕು ಮೊದಲೇ ಇದ್ದವು. ದಾಸವಾಳ ನೆಡಲೆಂದು ಹನ್ನೆರಡು ವರ್ಷದಿಂದ ಕಾದಿದ್ದವು.

ಮುಂದಿನ ವಾರ ಹಿಡಿದ ಜಡಿಮಳೆ ನಿಂತ ಮೇಲೆ ಡೆಂಗಿ ಸರ್ವೆಗೆಂದು ಆಶಾ ಕಾರ್ಯಕರ್ತೆ ಬಂದರು. ತಾರಸಿ ಹತ್ತಿದವರು ಅಲ್ಲಿಂದಲೇ ಕೂಗಿದರು: "ಮೇಡಂ, ಬನ್ನಿ ಇಲ್ಲಿ!" ಎಂಟು ಟೈರಿನ ಹೊಟ್ಟೆಯಲ್ಲೂ ನೀರು, ನೀರಿನ ತುಂಬ ಲಾರ್ವಾ. ರಾಯರು ಚೊಂಬು ತಂದು ನೀರು ಚೆಲ್ಲಿಬಿಡುತ್ತೇನೆಂದರು.

"ಚೆಲ್ಲಿದ್ರೆ ಸಾಲಲ್ಲ ಸಾರ್. ಮೊಟ್ಟೆ ಟೈರಿಗೆ ಅಂಟಿರತ್ತೆ. ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ, ನೀರು ಬಿದ್ದ ತಕ್ಷಣ ಮರಿ ಆಗತ್ತೆ."

ರಾಯರು ಆ ಟೈರನ್ನು ಒಂದು ಥರದ ಗೌರವದಿಂದ ನೋಡಿದರು. ಯಜಮಾನತಿ ಆಗಲೇ ಕೆಳಗಿಳಿದು ಗುಜರಿಯವನನ್ನು ಗೇಟಿನ ಬಳಿ ನಿಲ್ಲಿಸಿದ್ದರು.

ಅವನು ಎಂಟಕ್ಕೂ ಸೇರಿಸಿ ಹೇಳಿದ ಬೆಲೆ ಕೇಳಿ ರಾಯರು ಕೆರಳಿದರು. ಎರಡು ರೂಪಾಯಿ ನಾಣ್ಯ ತೆಗೆದು ಸಂದಿಗೆ ತೂರಿಸಿದರು. "ನೋಡಪ್ಪ, ಎಷ್ಟು ಒಳಗೆ ಹೋಯ್ತು ನೋಡು. ಹೊಸದರ ಥರ ಇದೆ." ಅವನು ನೋಡಿದ, ಹೌದು ಸಾಮಿ ಅಂದ, ಬೆಲೆ ಏರಿಸಲಿಲ್ಲ. ಎಂಟನ್ನೂ ತಳ್ಳುಗಾಡಿಗೆ ಪೇರಿಸಿಕೊಂಡು ಹೊರಟುಹೋದ.

ನಾಣ್ಯ ಟೈರಿನಲ್ಲೇ ಉಳಿದದ್ದು ರಾಯರಿಗೆ ಹೊಳೆದದ್ದು ಗಾಡಿ ತಿರುವು ದಾಟಿದ ಮೇಲೆ. ಕೂಗಿದರು, ಕೇಳಿಸಲಿಲ್ಲ. ಓಡಲು ಮಂಡಿ ಒಪ್ಪಲಿಲ್ಲ. "ಕಾರು ತೆಗೀತೀನಿ, ಗೇಟು ತೆಗಿ" ಎಂದು ಯಜಮಾನತಿಗೆ ಹೇಳಿ ಕವರಿನ ದಾರ ಬಿಚ್ಚತೊಡಗಿದರು. ನಾಲ್ಕೂ ಮೂಲೆಗೆ ಎರಡೆರಡು ಗಂಟು ಹಾಕಿದ್ದರು, ಗಾಳಿಗೆ ಹಾರದಿರಲೆಂದು.