ಆನ್‌ಸೈಟ್ ಭಾವ

ನಮ್ಮ ಭಾವನ ಜೊತೆ ಫುಟ್‌ಬಾಲ್ ನೋಡಲು ಹೋದರೆ ಒಂದೇ ಟಿಕೆಟ್ಟಿನಲ್ಲಿ ಐದಾರು ದೇಶ ಸುತ್ತಿ ಬರಬಹುದು. ನೋಡದೆ ಉಳಿಯುವುದು ಎದುರಿಗಿರುವ ಪಂದ್ಯ ಒಂದೇ.

ಭಾವ ಎಂದರೆ ಅಕ್ಕನ ಗಂಡ. ಕಂಪನಿಯವರು ಅವರನ್ನು ಎರಡು ವರ್ಷ ಜರ್ಮನಿಗೆ, ಆರು ತಿಂಗಳು ಇಂಗ್ಲೆಂಡಿಗೆ ಕಳಿಸಿದ್ದರು. ನಡುವೆ ಸ್ವಂತ ಖರ್ಚಿನಲ್ಲಿ ಒಂದು ವಾರ ಸ್ಪೇನು. ವಾಪಸು ಬಂದು ಏಳು ವರ್ಷವಾಯಿತು. ಮನುಷ್ಯ ಬಂದರು, ಮಾತು ಮಾತ್ರ ಇನ್ನೂ ಅಲ್ಲೇ ಇದೆ. ಬಾಯಿ ತೆರೆದರೆ 'ಅಲ್ಲೆಲ್ಲ ಹೀಗಲ್ಲ ಕಣೋ!' ಹಾಗಾಗಿ ಮನೆಮಂದಿ ಸೇರಿ ಆನ್‌ಸೈಟ್ ಭಾವ ಎಂದು ಹೆಸರಿಟ್ಟೆವು. ಸಿಟ್ಟು ಬಂದಾಗ ಅಕ್ಕ ಅದನ್ನು 'ಆಫ್‌ಸೈಡ್' ಎಂದು ತಿದ್ದುತ್ತಾಳೆ.

ಅವರು ಜರ್ಮನಿಯಿಂದ ತಂದ ಆಸ್ತಿ ಅಕ್ಕನ ಅಡುಗೆಮನೆಯಲ್ಲಿದೆ: ಅರ್ಧ ಲೀಟರಿನ ನಾಲ್ಕು ಪ್ಲಾಸ್ಟಿಕ್ ಲೋಟ. ಅಲ್ಲಿನ ಕ್ರೀಡಾಂಗಣಗಳಲ್ಲಿ ಬಿಯರ್ ಕೊಳ್ಳುವಾಗ ಲೋಟಕ್ಕೂ ಠೇವಣಿ ಕಟ್ಟಬೇಕು, ಖಾಲಿ ಲೋಟ ಹಿಂದಿರುಗಿಸಿದರೆ ದುಡ್ಡು ವಾಪಸು. ನಮ್ಮ ಸೋಡಾ ಬಾಟಲಿಯ ಪದ್ಧತಿಯೇ. ಭಾವ ನೆನಪಿಗಿರಲೆಂದು ಠೇವಣಿ ಬಿಟ್ಟು ಲೋಟ ತಂದರು. ಈಗ ಅಕ್ಕ ಅದರಲ್ಲಿ ಅಕ್ಕಿ ಅಳೆಯುತ್ತಾಳೆ. 'ಹಳದಿ ಲೋಟದಲ್ಲಿ ಒಂದೂವರೆ ಹಾಕು' ಎಂದರೆ ನಾಲ್ಕು ಜನಕ್ಕೆ ಅನ್ನ ಎಂದು ಲೆಕ್ಕ.

ಕಳೆದ ಸಲ ನಾವು ಮೂವರೂ ಕಂಠೀರವ ಕ್ರೀಡಾಂಗಣಕ್ಕೆ ಹೋದೆವು. ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಪಂದ್ಯ. ಕೂತ ಮರುಕ್ಷಣವೇ ಶುರು. 'ನೋಡು, ನಮಗೂ ಹುಲ್ಲಿಗೂ ಮಧ್ಯೆ ಓಟದ ಟ್ರ್ಯಾಕು! ಇಂಗ್ಲೆಂಡಿನಲ್ಲಿ ಮೊದಲ ಸಾಲಲ್ಲಿ ಕೂತರೆ ಕಾರ್ನರ್ ಹೊಡೆಯೋನ ಬೆನ್ನು ತಟ್ಟಬಹುದು.'

'ತಟ್ಟಿದ್ರಾ?' ಅಕ್ಕ ಕೇಳಿದಳು.

'ನನಗೆ ಸಿಕ್ಕಿದ್ದು ಮೂವತ್ತೆರಡನೇ ಸಾಲು.'

ಇಂಗ್ಲೆಂಡಿನ ಕಥೆಯಲ್ಲಿ ಭಾವನಿಗೆ ಹೆಚ್ಚು ಇಷ್ಟವಾದ ಭಾಗ ಅಲ್ಲಿನ ಮಧ್ಯಂತರ. ಮೈದಾನ ಕಣ್ಣಿಗೆ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ ಎಂದು ಅಲ್ಲಿ 1985ರಲ್ಲೇ ಕಾಯ್ದೆ ಮಾಡಿದ್ದಾರೆ. ಹೀಗಾಗಿ ಅರ್ಧ ಆಟ ಮುಗಿಯುವ ಮೊದಲೇ ಜನ ಎದ್ದು ಗ್ಯಾಲರಿಯ ಅಡಿಯ ಮೊಗಸಾಲೆಗೆ ಓಡುತ್ತಾರೆ. ಹದಿನೈದು ನಿಮಿಷದಲ್ಲಿ ಸಾಲಿನಲ್ಲಿ ನಿಂತು, ಕೊಂಡು, ಗಟಗಟ ಕುಡಿದು, ನಾಲಿಗೆ ಸುಡುವ ಪೈ ನುಂಗಿ, ಮತ್ತೆ ಮೆಟ್ಟಿಲು ಹತ್ತಬೇಕು. 'ಮದುವೆ ಮನೆಯ ಕೊನೇ ಪಂಕ್ತಿ ಇದ್ದ ಹಾಗೆ,' ಎನ್ನುತ್ತಾರೆ ಭಾವ. ಜರ್ಮನಿಯಲ್ಲಿ ಅದೇ ಬಿಯರನ್ನು ಗ್ಯಾಲರಿಯಲ್ಲೇ ನಿಂತು, ಆಟ ನೋಡುತ್ತ, ನಿಧಾನವಾಗಿ ಹೀರಬಹುದು. ಗೋಲಾದಾಗ ಅದು ಮುಂದಿನವನ ತಲೆಯ ಮೇಲೆ ಬೀಳುತ್ತದೆ, ಅವನೂ ಬೇಸರಿಸುವುದಿಲ್ಲ.

ಆ ನಿಲ್ಲುವ ವಿಷಯಕ್ಕೆ ಬಂದರೆ ಮಾತ್ರ ಭಾವನ ದನಿ ತಗ್ಗುತ್ತದೆ. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲಿನ 97 ಅಭಿಮಾನಿಗಳು ಸತ್ತರು. ಆಮೇಲೆ ಇಂಗ್ಲೆಂಡಿನ ದೊಡ್ಡ ಕ್ರೀಡಾಂಗಣಗಳಲ್ಲೆಲ್ಲ ಕುರ್ಚಿ ಹಾಕಿ ಜನರನ್ನು ಕೂರಿಸಿದರು. ಕಂಬಿ ಹಿಡಿದು ನಿಲ್ಲುವ ಜಾಗಕ್ಕೆ ಮತ್ತೆ ಅನುಮತಿ ಸಿಕ್ಕಿದ್ದು 2022ರಲ್ಲಿ. ಜರ್ಮನಿಯವರು ನಿಲ್ಲುವುದನ್ನು ಬಿಡಲೇ ಇಲ್ಲ. ಡಾರ್ಟ್‌ಮುಂಡ್‌ನಲ್ಲಿ ಗೋಲು ಕಂಬದ ಹಿಂದಿನ ಒಂದೇ ಗ್ಯಾಲರಿಯಲ್ಲಿ ಸುಮಾರು 25,000 ಜನ ನಿಲ್ಲುತ್ತಾರೆ. ಎಲ್ಲರದ್ದೂ ಹಳದಿ ಅಂಗಿ. 'ಹಳದಿ ಗೋಡೆ' ಎಂದೇ ಅದಕ್ಕೆ ಹೆಸರು.

ಇಷ್ಟು ಹೇಳಿ ತಲೆ ಎತ್ತಿದ ಭಾವನಿಗೆ ಎದುರು ಗ್ಯಾಲರಿ ಕಂಡಿತು. ಕೇರಳದ ಅಭಿಮಾನಿಗಳು ಹಳದಿ ಅಂಗಿ ತೊಟ್ಟು, ಹಳದಿ ಬಾವುಟ ಬೀಸುತ್ತ ಒಂದೇ ದನಿಯಲ್ಲಿ ಹಾಡುತ್ತಿದ್ದರು. ಭಾವನ ಕಣ್ಣು ತುಂಬಿ ಬಂತು. ತಾವು ಎಲ್ಲಿದ್ದೇವೆ ಎಂಬುದು ಮರೆತು ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮ ಸುತ್ತ ಇದ್ದವರೆಲ್ಲ ನೀಲಿ ಅಂಗಿಯವರು. ಮುಂದಿನ ಸಾಲಿನ ಹುಡುಗ ತಿರುಗಿ ನೋಡಿ, 'ಅಂಕಲ್, ನಿಮ್ಮ ಸೀಟು ಆ ಕಡೆ ಅನ್ಸುತ್ತೆ,' ಎಂದ.

'ಇಲ್ಲಪ್ಪ, ನಾನು ಡಾರ್ಟ್‌ಮುಂಡ್‌ಗೆ ಹೊಡೆದೆ,' ಎಂದರು ಭಾವ.

ಹುಡುಗ ಅಕ್ಕನ ಮುಖ ನೋಡಿದ. ಅಕ್ಕ, ಕೇಳಬೇಡ ಎಂಬಂತೆ ಕೈ ಆಡಿಸಿದಳು.

ಹುಡುಗನ ಮನಸ್ಸು ಗೆಲ್ಲಲು ಭಾವ ಜರ್ಮನಿಯ ಇನ್ನೊಂದು ವಿದ್ಯೆ ತೆಗೆದರು. ಅಲ್ಲಿ ಗೋಲು ಬಿದ್ದರೆ ಮೈಕಿನವನು ಆಟಗಾರನ ಮೊದಲ ಹೆಸರನ್ನಷ್ಟೇ ಕೂಗುತ್ತಾನೆ, ಮನೆತನದ ಹೆಸರನ್ನು ಇಡೀ ಕ್ರೀಡಾಂಗಣ ಕೂಗಿ ಪೂರ್ತಿ ಮಾಡುತ್ತದೆ. ಭಾವ ಕೈಯನ್ನು ಕೊಳವೆ ಮಾಡಿಕೊಂಡು 'ಸುನಿಲ್...!' ಎಂದು ಕೂಗಿ ಕಾದರು. ಯಾರೂ ಛೇತ್ರಿ ಅನ್ನಲಿಲ್ಲ. ಎರಡು ಸಾಲು ಕೆಳಗಿನಿಂದ ಒಬ್ಬರು ಎದ್ದು, 'ಕರೆದ್ರಾ ಸಾರ್?' ಎಂದರು.

ನನಗೆ ಆ ಪದ್ಧತಿ ನಮ್ಮಲ್ಲಿ ಒಗ್ಗುವುದೇ ಅನುಮಾನ. ನಮ್ಮ ಹೆಸರಿನಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಮೈಕಿನವನು ಊರನ್ನು ಕೂಗಿ, ಗ್ಯಾಲರಿಯವರು ಅಪ್ಪನನ್ನು ಕೂಗಿ, ಗೋಲು ಹೊಡೆದವನ ಸರದಿ ಬರುವಷ್ಟರಲ್ಲಿ ಎದುರಾಳಿ ಗೋಲು ಸಮ ಮಾಡಿರುತ್ತಾನೆ.

ಮಧ್ಯಂತರದಲ್ಲಿ ಅಕ್ಕ ಕನ್ನಡಕದ ಡಬ್ಬಿ ತೆರೆದಳು. ಒಳಗೆ ಮುರಿದ ಕೋಡುಬಳೆ. ತಪಾಸಣೆಯವರ ಕಣ್ಣು ತಪ್ಪಿಸಿ ತಂದದ್ದು. ಬಾಯಿಗೆ ಹಾಕಿಕೊಂಡ ಭಾವ ಕೂಡಲೇ ಸ್ಪೇನಿಗೆ ಹಾರಿದರು. ಅಲ್ಲಿ ಗ್ಯಾಲರಿಯಲ್ಲಿ ಜನ ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಾರೆ. ಆಟ ಮುಗಿಯುವಾಗ ಕಾಲಡಿ ಸಿಪ್ಪೆಯ ಹಾಸಿಗೆ. ಮಧ್ಯಂತರಕ್ಕೆ ಮನೆಯಿಂದ ತಂದ ಬುತ್ತಿ: ಬೆಳ್ಳಿಹಾಳೆಯಲ್ಲಿ ಸುತ್ತಿದ ಉದ್ದನೆಯ ಬ್ರೆಡ್ಡು. ತಮ್ಮ ತಂಡವೇ ಕೆಟ್ಟದಾಗಿ ಆಡಿದರೆ ಬೈಯುವ ಬದಲು ಸಾವಿರಾರು ಜನ ಎದ್ದು ಬಿಳಿ ಕರವಸ್ತ್ರ ಬೀಸುತ್ತಾರೆ.

'ನಮ್ಮ ಕಡಲೆಕಾಯಿ ಪರಿಷೆಯಲ್ಲೂ ಕಾಲಡಿ ಸಿಪ್ಪೇನೆ,' ಎಂದಳು ಅಕ್ಕ. 'ಅದಕ್ಕೆ ಸ್ಪೇನಿಗೆ ಯಾಕೆ ಹೋಗಬೇಕಿತ್ತು?'

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಇದನ್ನೆಲ್ಲ ಕೇಳುತ್ತಿದ್ದರು. ಗೌತಮಪುರದವರಂತೆ, ಪೆಲೆಯ ಪ್ರತಿಮೆ ನಿಲ್ಲಿಸಿರುವ ನಮ್ಮೂರಿನದೇ ಬಡಾವಣೆ. ಕೊನೆಗೆ ಮೆಲ್ಲಗೆ ಕೇಳಿದರು: '1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ನಮ್ಮ ಗೋಲು ಹೊಡೆದದ್ದು ಯಾರು ಗೊತ್ತಾ?' ಭಾವನಿಗೆ ಗೊತ್ತಿರಲಿಲ್ಲ. 'ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಅವತ್ತು ನಮ್ಮವರು ಬಹಳ ಜನ ಬರಿಗಾಲಲ್ಲೇ ಆಡಿದ್ದು. ಎರಡು ಪೆನಾಲ್ಟಿ ಕೈಚೆಲ್ಲಿ 2–1ರಲ್ಲಿ ಸೋತರು. ನೀವು ಅಲ್ಲಿಗೆ ನೋಡೋಕೆ ಹೋಗಿದ್ರಿ, ಅವರು ಆಡೋಕೆ ಹೋಗಿದ್ರು.'

ಭಾವ ಆರು ನಿಮಿಷ ಸುಮ್ಮನಿದ್ದರು. ನಾನು ಗಡಿಯಾರ ನೋಡಿದ್ದೆ.

ಏಳನೇ ನಿಮಿಷಕ್ಕೆ ಪೋಲೆಂಡ್ ಬಂತು. ಅಲ್ಲಿಗೆ ಭಾವ ಹೋಗಿಲ್ಲ, ಆದರೆ ಮ್ಯಾಂಚೆಸ್ಟರಿನಲ್ಲಿ ಕೇಳಿ ತಿಳಿದಿದ್ದರು. ಪೊಜ್ನಾನ್ ಎಂಬ ಊರಿನ ತಂಡದ ಅಭಿಮಾನಿಗಳು ಮೈದಾನಕ್ಕೆ ಬೆನ್ನು ಹಾಕಿ, ಪಕ್ಕದವರ ಹೆಗಲ ಮೇಲೆ ಕೈ ಹಾಕಿ ಒಟ್ಟಿಗೆ ಕುಪ್ಪಳಿಸುತ್ತಾರಂತೆ. 2010ರಲ್ಲಿ ಅವರು ಮ್ಯಾಂಚೆಸ್ಟರಿಗೆ ಬಂದಾಗ ಅದನ್ನು ನೋಡಿದ ಸಿಟಿ ತಂಡದ ಅಭಿಮಾನಿಗಳು ತಾವೂ ಕಲಿತು, ಆ ಕುಣಿತಕ್ಕೆ ಊರಿನ ಹೆಸರನ್ನೇ ಇಟ್ಟರು. 'ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ, ಏಳು,' ಎಂದು ಭಾವ ನನ್ನ ಹೆಗಲಿಗೆ ಕೈ ಹಾಕಿ, ನನ್ನನ್ನೂ ಎಬ್ಬಿಸಿ, ತಿರುಗಿಸಿ ನಿಲ್ಲಿಸಿದರು. ಎರಡು ಸಲ ಕುಪ್ಪಳಿಸಿದ್ದೆವು, ಅಷ್ಟೆ. ಬೆನ್ನ ಹಿಂದೆ ಆಕಾಶ ಕಳಚಿ ಬಿದ್ದಂಥ ಸದ್ದು. ನೀಲಿ ಗ್ಯಾಲರಿ ಪೂರ್ತಿ ಗಾಳಿಯಲ್ಲಿತ್ತು. ಹುಡುಗ ಭಾವನನ್ನು ಅಪ್ಪಿಕೊಂಡು, ಹೆಸರು ಪೂರ್ತಿ ತಾನೇ ಕೂಗುತ್ತಿದ್ದ.

'ಯಾರು? ಹೇಗೆ?' ಎಂದು ಭಾವ ನನ್ನನ್ನು ಕೇಳಿದರು. ನಾನೂ ಪೋಲೆಂಡಿನಲ್ಲೇ ಇದ್ದೆನಲ್ಲ.

ಗೋಲು ನೋಡಿದ್ದು ಅಕ್ಕ ಒಬ್ಬಳೇ.

ಆಟ ಮುಗಿದ ಮೇಲೆ ಭಾವ ಜೇಬಿನಿಂದ ನೀಲಿ ಚೀಲ ತೆಗೆದು ನಮ್ಮ ಸಾಲಿನ ಕಸ ಹೆಕ್ಕಿದರು. ಇದು ಜಪಾನಿನ ಪಾಠ. 2018ರ ವಿಶ್ವಕಪ್‌ನಲ್ಲಿ 2–0 ಮುಂದಿದ್ದೂ ಬೆಲ್ಜಿಯಂಗೆ ಸೋತ ರಾತ್ರಿ ಕೂಡ ಅಲ್ಲಿನವರು ಗ್ಯಾಲರಿ ಗುಡಿಸಿಯೇ ಹೊರಟಿದ್ದರು. ಆದರೆ ತುಂಬಿದ ಚೀಲವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಭಾವ ಅದನ್ನು ಕಬ್ಬನ್ ಪಾರ್ಕ್ ಮೆಟ್ರೊವರೆಗೂ ಹೊತ್ತು ತಂದರು. ಎಕ್ಸ್‌ರೇ ಯಂತ್ರದಲ್ಲಿ ಕಸ ಗಂಭೀರವಾಗಿ ಹಾಯ್ದು ಹೊರಬಂತು.

ರೈಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, 'ಇನ್ನೊಂದು ಸಲ ಹೇಳೇ,' ಎಂದರು.

'ಬಲಗಡೆಯಿಂದ ಚೆಂಡು ಬಂತು. ಇವನು ಎದೆಯಲ್ಲಿ ತಡೆದ. ಎಡಗಾಲಲ್ಲಿ ಒದ್ದ. ಕಂಬಕ್ಕೆ ತಾಗಿ ಒಳಗೆ ಹೋಯ್ತು. ಗೋಲಿ ಅಲ್ಲೇ ಕೂತ.' ಅಕ್ಕ ಮೂರನೇ ಸಲ ಹೇಳುತ್ತಿದ್ದಳು. ಭಾವ ಕಣ್ಣು ಮುಚ್ಚಿ ಕೇಳಿದರು. ಯಾವ ದೇಶದ ಹೆಸರೂ ಬರಲಿಲ್ಲ.

ಮನೆ ಬಾಗಿಲಲ್ಲಿ ಅಕ್ಕ ಚೀಲ ನೋಡಿ ತಡೆದಳು. 'ಹಸಿ ಕಸಾನೋ, ಒಣ ಕಸಾನೋ?'

'ಜರ್ಮನಿಯಲ್ಲಿ ನಾಲ್ಕು ಬಣ್ಣದ ಡಬ್ಬ...' ಎಂದು ಶುರುಮಾಡಿದ ಭಾವ ಅಕ್ಕನ ಮುಖ ನೋಡಿ ನಿಲ್ಲಿಸಿದರು. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ಕೂತು, ಕಾಗದದ ಲೋಟಗಳ ನಡುವಿನಿಂದ ಕೋಡುಬಳೆ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದರು.